ಮಂಚೇನಹಳ್ಳಿ ಅಕ್ಕ ಕೇಳಿದ ಒಂದು ಸಹಿ

ಹೋದ ತಿಂಗಳು ಚಿಂತಾಮಣಿಯ ಮಾರ್ಕೆಟ್ ರಸ್ತೆಯ ಎಣ್ಣೆ ಅಂಗಡಿ ಮುಂದೆ ನಿಂತಿದ್ದೆ. ನನಗೆ ಬೇಕಾಗಿದ್ದದ್ದು ಕಡಲೆಕಾಯಿ ಎಣ್ಣೆ. ನನ್ನ ಮುಂದಿದ್ದ ರೈತರೊಬ್ಬರು ಎತ್ತಿನ ಗಾಯಕ್ಕೆ ಅಂತ ಹೊಂಗೆ ಎಣ್ಣೆ ಕೇಳಿದರು. ಅಂಗಡಿಯವನು ಮೂಲೆಯಲ್ಲಿದ್ದ ಡಬ್ಬದ ಮುಚ್ಚಳ ಎತ್ತಿದ. ಅಷ್ಟೇ. ಆ ಕಹಿ ವಾಸನೆ ಮೂಗಿಗೆ ಬಡಿದದ್ದೇ ತಡ, ಎಲ್ಲಿದ್ದೇನೆ ಅನ್ನುವುದೇ ನನಗೆ ಮರೆತುಹೋಯಿತು. "ಮೇಡಂ, ನಿಮ್ಗೇನ್ ಬೇಕು?" ಅಂತ ಅವನು ಎರಡು ಮೂರು ಸಲ ಕೇಳಿರಬೇಕು. ಏನೂ ತೆಗೆದುಕೊಳ್ಳದೆ ವಾಪಸು ಬಂದೆ. ಮನೆಯಲ್ಲಿ ಎಣ್ಣೆ ಎಲ್ಲಿ ಅಂದಾಗ ನಮ್ಮ ಯಜಮಾನರ ಮೇಲೆ ಸುಮ್ಮಸುಮ್ಮನೆ ಹರಿಹಾಯ್ದೆ. ನನಗೆ ಕೋಪ ಯಾವಾಗಲೂ ಮೂಗಿನ ತುದಿಯಲ್ಲೇ. ಅಳು ಬರುವ ಹೊತ್ತಿನಲ್ಲಂತೂ ಮೊದಲು ಬರುವುದು ಕೋಪವೇ.

ಹೊಂಗೆ ಎಣ್ಣೆ ಅಂದರೆ ಜನ ಮುಖ ಕಿವಿಚುತ್ತಾರೆ. ನನಗೆ ಮಾತ್ರ ಅದು ಒಬ್ಬ ಹೆಂಗಸಿನ ಅಂಗೈಯ ವಾಸನೆ. ಅವಳ ಹೆಸರು ನನಗೆ ಗೊತ್ತಿಲ್ಲ ಅಂತಲ್ಲ, ಹತ್ತಾರು ಅರ್ಜಿಗಳಲ್ಲಿ ಕೈಯಾರೆ ಬರೆದಿದ್ದೇನೆ. ಆದರೂ ಒಂದು ದಿನವೂ ಹೆಸರು ಹಿಡಿದು ಕರೆಯಲಿಲ್ಲ. ಚಿಕ್ಕಬಳ್ಳಾಪುರದ ಆಸ್ಪತ್ರೆಯೊಂದರಲ್ಲಿ ಬುಧವಾರ ಬುಧವಾರ ಡಾಕ್ಟರುಗಳ ಬೋರ್ಡು ಕೂತು ಮಕ್ಕಳನ್ನು ನೋಡಿ ಅಂಗವಿಕಲರ ಸರ್ಟಿಫಿಕೇಟು ಬರೆಯುತ್ತಿತ್ತು. ಆ ಸಾಲಿನಲ್ಲಿ ನಿಂತ ತಾಯಂದಿರಿಗೆಲ್ಲ ಊರೇ ಹೆಸರು. ಶಿಡ್ಲಘಟ್ಟದವಳು, ಬಾಗೇಪಲ್ಲಿ ಅಜ್ಜಿ, ಚಿಂತಾಮಣಿ ಟೀಚರು... ಚಿಂತಾಮಣಿ ಟೀಚರು ಅಂದರೆ ನಾನು. ಅವಳು ಮಂಚೇನಹಳ್ಳಿ ಅಕ್ಕ.

ನನ್ನ ಮಗನಿಗೆ ಆಗ ಏಳು ವರ್ಷ. ಹುಟ್ಟುವಾಗ ಉಸಿರು ಕಟ್ಟಿ ಮಿದುಳಿಗೆ ಪೆಟ್ಟಾಗಿತ್ತು. ಎರಡೂ ಕಾಲು ಕತ್ತರಿಯ ಹಾಗೆ ಒಂದರ ಮೇಲೊಂದು ಬಿಗಿದುಕೊಳ್ಳುತ್ತಿದ್ದವು. ಮಾತು ತೊದಲು, ಕಲಿಯುವುದು ನಿಧಾನ. ಇನ್ನೊಂದೆರಡು ವರ್ಷದೊಳಗೆ ಆಪರೇಷನ್ ಆದರೆ ಏನನ್ನಾದರೂ ಹಿಡಿದುಕೊಂಡು ನಡೆಯುತ್ತಾನೆ, ತಡವಾದರೆ ಆಸೆ ಬಿಡಿ ಅಂತ ಮೂಳೆ ಡಾಕ್ಟರು ಹೇಳಿದ್ದರು. ಆಪರೇಷನ್ನಿಗೆ ವಿಮೆ ಬೇಕು, ವಿಮೆಗೆ ಅಂಗವಿಕಲರ ಕಾರ್ಡು ಬೇಕು, ಕಾರ್ಡಿಗೆ ಬೋರ್ಡು ಬರೆಯುವ ಅಂಕಿ ನಲವತ್ತು ಪರ್ಸೆಂಟ್ ಮುಟ್ಟಬೇಕು. ಅದಕ್ಕೆ ಒಂದು ಕಡಿಮೆಯಾದರೂ ಕಾಗದದ ಪ್ರಕಾರ ನನ್ನ ಮಗನಿಗೆ ಏನೂ ಆಗಿಲ್ಲ.

ಇಷ್ಟೆಲ್ಲ ತಿಳಿದೂ ನಾನು ಮಾಡಿದ ಕೆಲಸ ಕೇಳಿ. ನಾನು ಖಾಸಗಿ ಶಾಲೆಯೊಂದರಲ್ಲಿ ಕನ್ನಡ ಕಲಿಸುವವಳು. ಇನ್‌ಸ್ಪೆಕ್ಟರು ಬರುತ್ತಾರೆ ಅಂದರೆ ಮಕ್ಕಳಿಗೆ ತಲೆ ಬಾಚಿ, ಉಗುರು ಕತ್ತರಿಸಿ, ಕೇಳಬಹುದಾದ ಪ್ರಶ್ನೆಗಳನ್ನು ಬಾಯಿಪಾಠ ಮಾಡಿಸಿ ಕೂರಿಸಿ ಗೊತ್ತು. ಬೋರ್ಡಿನ ತಾರೀಖು ಬಂದದ್ದೇ ತಡ, ಮೂರು ತಿಂಗಳು ನನ್ನ ಮಗನಿಗೂ ಅದೇ ಪಾಠ ಶುರುಮಾಡಿದೆ. ಬೆನ್ನು ನೆಟ್ಟಗೆ ಇಟ್ಟುಕೊಂಡು ಕೂರುವುದು. ಲೋಟ ಚೆಲ್ಲದ ಹಾಗೆ ಹಿಡಿಯುವುದು. ಹೆಸರು ಕೇಳಿದರೆ ಹೆಸರು. ಡಾಕ್ಟರನ್ನು ನೋಡಿದ ತಕ್ಷಣ ಎರಡೂ ಕೈ ಜೋಡಿಸಿ "ನಮಸ್ತೆ ಸಾರ್". ಆ ಎರಡು ಕೈ ಕೂಡಿಸುವುದಕ್ಕೇ ಒಂದು ತಿಂಗಳು ಹಿಡಿಯಿತು. ನನ್ನ ಮಗ ದಡ್ಡ ಅಂತ ಯಾರೂ ಅನ್ನಬಾರದು... ನನ್ನ ತಲೆಯಲ್ಲಿ ಇದ್ದದ್ದು ಅದೊಂದೇ.

ಆ ಬುಧವಾರ ಅವನಿಗೆ ಹುಟ್ಟುಹಬ್ಬದ ಹೊಸ ಶರ್ಟು ಹಾಕಿ, ಪೌಡರ್ ಬಳಿದು, ಬಸ್ಸಿನಲ್ಲಿ ಶಿಡ್ಲಘಟ್ಟ ದಾಟುವವರೆಗೂ ಮತ್ತೆ ಮತ್ತೆ ನಮಸ್ತೆ ಹೇಳಿಸುತ್ತ ಕರೆದುಕೊಂಡು ಹೋದೆ. ಒಳಗೆ ಹೋದ ಮೇಲೆ ನನ್ನ ಬಂಗಾರ ಒಂದನ್ನೂ ತಪ್ಪಿಸಲಿಲ್ಲ. ಕೈ ಜೋಡಿಸಿದ, ಹೆಸರು ಹೇಳಿದ, ಡಾಕ್ಟರು ಕೊಟ್ಟ ಪೆನ್ನು ಹಿಡಿದ, ಜೊತೆಗೆ ನಕ್ಕ. ಡಾಕ್ಟರಿಗೂ ಖುಷಿಯಾಯಿತು. "ತುಂಬ ಚೆನ್ನಾಗಿ ಟ್ರೈನ್ ಮಾಡಿದೀರಮ್ಮ" ಅಂದರು. ಕಾಲು ಅಳೆದು ಮೂವತ್ತೈದು ಅಂತ ಬರೆದರು. ಅವರದ್ದೇನೂ ತಪ್ಪಿಲ್ಲ, ಕಂಡದ್ದನ್ನು ಬರೆದರು. ನಮ್ಮ ಶಾಲೆಯಲ್ಲಿ ಮೂವತ್ತೈದು ಬಂದರೆ ಪಾಸು. ಇಲ್ಲಿ ನಾನೇ ತಯಾರು ಮಾಡಿ ಕರೆದುಕೊಂಡು ಹೋಗಿ ನನ್ನ ಮಗನನ್ನು ಫೇಲ್ ಮಾಡಿಸಿದ್ದೆ.

ಹೊರಗೆ ಬಂದು ಆ ಕಾಗದ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಪಕ್ಕದಲ್ಲಿ ಒಬ್ಬ ಹೆಂಗಸು ದೊಡ್ಡ ಹುಡುಗಿಯ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಎಣ್ಣೆ ತಿಕ್ಕುತ್ತಿದ್ದಳು. ಸುತ್ತ ಘಾಟು. ಕೈ ನಿಲ್ಲಿಸದೆ ಕೇಳಿದಳು.

"ಎಷ್ಟ್ ಬಂತಮ್ಮ?"

"ಮೂವತ್ತೈದು."

"ಅಯ್ಯೋ ನಿನ್ನ!" ಎಣ್ಣೆ ಕೈಯಲ್ಲೇ ಹಣೆ ಚಚ್ಚಿಕೊಂಡಳು. "ಬೆಳಗ್ಗೆಯಿಂದ ನೋಡ್ತಾನೇ ಇದೀನಿ, ಹೆಣ್ಣು ತೋರ್ಸಕ್ಕೆ ಸಿಂಗಾರ ಮಾಡ್ಕೊಂಡ್ ಬಂದಂಗೆ ಬಂದಿದೀಯ. ಯಾರಮ್ಮ ನಿಂಗೆ ಹೇಳ್ಕೊಟ್ಟಿದ್ದು?"

ನನಗೆ ಉರಿದುಹೋಯಿತು. ನಿಮಗೇನ್ರೀ ಗೊತ್ತು ಅಂತ ಬಾಯಿಗೆ ಬಂದ ಹಾಗೆ ಅಂದೆ. ಅವಳು ಬೇಸರ ಮಾಡಿಕೊಳ್ಳಲಿಲ್ಲ. "ಪೋನೀಲೇ" ಅಂದಳು. ಮಂಚೇನಹಳ್ಳಿ, ಗೌರಿಬಿದನೂರು ಕಡೆಯವರ ಬಾಯಲ್ಲಿ ತೆಲುಗು ಹಾಗೆಯೇ ನುಗ್ಗಿ ಬರುತ್ತದೆ. ಹೋಗ್ಲಿ ಬಿಡು ಅಂತ. "ಪೋನೀಲೇ ಅಮ್ಮ, ಮೊದ್ಲು ಮಗೂಗೆ ಏನಾದ್ರೂ ತಿನ್ನಿಸು. ಹಸಿದ್ ಹೊಟ್ಟೇಲಿ ಅಷ್ಟೊಂದ್ ನಮಸ್ತೆ ಹೊಡ್ದಿದಾನೆ ಪಾಪ."

ಅವಳ ಮಗಳಿಗೆ ಹದಿನೈದು ದಾಟಿತ್ತು. ಕಡ್ಡಿಯಂಥ ಮೈ, ತಲೆ ಒಂದು ಕಡೆಗೆ ವಾಲುತ್ತಿತ್ತು, ಮಾತಿರಲಿಲ್ಲ. ಆದರೆ ಕಣ್ಣು ಚುರುಕು. ಯಾರು ಬಂದರು, ಯಾರು ಹೋದರು ಎಲ್ಲ ಅವಳಿಗೆ ಗೊತ್ತಾಗುತ್ತಿತ್ತು. ಅಷ್ಟು ದೊಡ್ಡ ಹುಡುಗಿಯನ್ನು ಅಕ್ಕ "ಪಾಪ" ಅಂತಲೇ ಕರೆಯುತ್ತಿದ್ದಳು. ಬೇರೆ ಯಾರು ಕರೆದರೂ ತಿರುಗದ ತಲೆ ಅಮ್ಮ ಪಾಪ ಅಂದರೆ ನಿಧಾನವಾಗಿ ತಿರುಗುತ್ತಿತ್ತು. ಅವಳನ್ನು ಹಳೆಯ ಸೀರೆಯಲ್ಲಿ ಬೆನ್ನಿಗೆ ಬಿಗಿದುಕೊಂಡು ಅಕ್ಕ ಮಂಚೇನಹಳ್ಳಿಯಿಂದ ಬಸ್ಸು ಹತ್ತುತ್ತಿದ್ದಳು. ಗಂಡ ತೀರಿಹೋಗಿ ಬಹಳ ವರ್ಷವಾಗಿತ್ತು. ಊರಲ್ಲಿ ಹೊಲ, ಮನೆ, ಮೈದುನಂದಿರ ದೊಡ್ಡ ಸಂಸಾರ ಎಲ್ಲ ಇತ್ತು. ಬಸ್ಸಿನವರೆಗೆ ಆ ಹುಡುಗಿಯ ಒಂದು ಕಾಲು ಹಿಡಿದುಕೊಳ್ಳುವವರು ಇರಲಿಲ್ಲ. ಮಗಳು ದೊಡ್ಡವಳಾದಾಗ ಗರ್ಭಕೋಶ ತೆಗೆಸಿಬಿಡಿ, ನಿಮಗೆ ಸುಲಭ ಅಂತ ಯಾರೋ ಬುದ್ಧಿ ಹೇಳಿದ್ದರಂತೆ. "ನನ್ಗೆ ಸುಲಭ ಆಗ್ಲಿ ಅಂತ ಅವ್ಳ್ ಹೊಟ್ಟೆ ಕುಯ್ಸ್ಲಾ?" ಅಂತ ಬೈದು ಕಳಿಸಿದ್ದಳಂತೆ.

ಆಸ್ಪತ್ರೆಯ ಸಾಲಿನಲ್ಲಿ ಒಂದು ಪದ್ಧತಿ ಇತ್ತು. ಮಕ್ಕಳನ್ನು ಎತ್ತಿಕೊಂಡು ಗಂಟೆಗಟ್ಟಲೆ ನಿಲ್ಲಲಾಗದೆ ತಾಯಂದಿರು ಮಕ್ಕಳ ಚಪ್ಪಲಿಯನ್ನು ಸಾಲಿನಲ್ಲಿಟ್ಟು ನೆರಳಿಗೆ ಹೋಗಿ ಕೂರುತ್ತಿದ್ದರು. ಬಾಗಿಲಿನಿಂದ ಗೇಟಿನವರೆಗೆ ಬರೀ ಪುಟ್ಟ ಪುಟ್ಟ ಚಪ್ಪಲಿ. ಒಂದರ ಅಟ್ಟೆಯೂ ಸವೆದಿರಲಿಲ್ಲ. ಮೊದಲ ದಿನ ನನಗೆ ಅದು ತಿಳಿಯಲಿಲ್ಲ, ಯಾರೋ ಹೊಸ ಚಪ್ಪಲಿ ಮಾರಕ್ಕೆ ಇಟ್ಟಿದ್ದಾರೆ ಅಂದುಕೊಂಡಿದ್ದೆ.

ಮೂವತ್ತೈದನ್ನು ಮತ್ತೆ ಪರೀಕ್ಷೆ ಮಾಡಿ ಅಂತ ಅರ್ಜಿ ಹಾಕಬಹುದು ಅಂತ ನನಗೆ ಹೇಳಿದ್ದು ಅಕ್ಕ. ಯಾವ ಕಿಟಕಿ, ಯಾವ ಗುಮಾಸ್ತರು ಊಟಕ್ಕೆ ಮುಂಚೆ ಸಿಗುತ್ತಾರೆ, ಯಾವ ಝೆರಾಕ್ಸಿಗೆ ಯಾರ ಸೀಲು, ಎಲ್ಲ ಅವಳ ಬೆರಳ ತುದಿಯಲ್ಲಿತ್ತು. ಅವಳಿಗೆ ಓದಲು ಬರುತ್ತಿರಲಿಲ್ಲ. ಕಾಗದಗಳ ಮೂಲೆಗೆ ತೂತು ಮಾಡಿ ಬಣ್ಣದ ದಾರ ಕಟ್ಟಿಕೊಂಡಿದ್ದಳು. ಕೆಂಪು ದಾರ ಆಧಾರು, ಹಳದಿ ದಾರ ರೇಷನ್ ಕಾರ್ಡು, ಕಪ್ಪು ದಾರ ಗಂಡನ ಮರಣಪತ್ರ. ಅವಳಿಗೆ ಬಂದ ನೋಟೀಸನ್ನು ನಾನು ಓದಿ ಹೇಳುತ್ತಿದ್ದೆ, ಆ ನೋಟೀಸು ಹಿಡಿದು ಎಲ್ಲಿಗೆ ಹೋಗಬೇಕು ಅಂತ ಅವಳು ನನಗೆ ಹೇಳುತ್ತಿದ್ದಳು. ಇಬ್ಬರ ಮಕ್ಕಳಿಗೂ ಅಲ್ಲೇ ಬುಧವಾರ ಫಿಸಿಯೋಥೆರಪಿ. ಹಾಗೆ ನಮ್ಮಿಬ್ಬರ ಬುಧವಾರಗಳು ಶುರುವಾದವು.

"ಒಳ್ಳೇ ದಿನ ಮನೇಲಿಟ್ಕೊಬೇಕು ಟೀಚರಮ್ಮ, ಇಲ್ಲಿಗೆ ಕೆಟ್ಟ ದಿನ ತರ್ಬೇಕು" ಅಂತ ಒಂದು ದಿನ ಹೇಳಿದಳು. "ಅವ್ನು ಏನ್ ಮಾಡ್ತಾನೆ ಅಂತ ಹೇಳ್ಬೇಡ. ಬೆಳಗ್ಗೆ ಎದ್ದಾಗ್ಲಿಂದ ನೀನು ಏನೇನ್ ಮಾಡ್ತೀಯ, ಅದನ್ನ ಹೇಳು. ಸುಳ್ಳೇನೂ ಬೇಡ. ನಿಜ ಹೇಳಕ್ಕೇ ನಿಂಗೆ ಬಾಯ್ ಬರಲ್ಲ."

ಅವಳು ಹೇಳಿದ್ದು ಸರಿಯಾಗಿಯೇ ಇತ್ತು. ನಾನು ಮೊಬೈಲಿನಲ್ಲಿ ಒಂದು ಬೆಳಗಿನ ವಿಡಿಯೋ ಮಾಡಿದೆ. ಎತ್ತಿ ಕೂರಿಸುವುದು, ಕಕ್ಕಸಿಗೆ ಒಯ್ಯುವುದು, ಬಿಗಿದ ಕಾಲುಗಳ ನಡುವೆ ಚಡ್ಡಿ ಏರಿಸುವುದು, ಅನ್ನ ಗಂಟಲಿಗೆ ಸಿಕ್ಕಿ ಅವನು ಕೆಮ್ಮುವುದು. ಶಾಲೆಯ ಪತ್ರ, ಫಿಸಿಯೋಥೆರಪಿಯವರ ಪತ್ರ ಎಲ್ಲ ಜೋಡಿಸಿದೆ. ಎರಡನೇ ಸಲ ಬೋರ್ಡಿನ ಮುಂದೆ ಹೋದಾಗ ಅವನಿಗೆ ಮನೆಯಲ್ಲಿ ಹಾಕುವ ಹಳೆಯ ಟೀ ಶರ್ಟೇ. ಆದರೂ ಒಳಗೆ ಕಾಲಿಟ್ಟ ತಕ್ಷಣ ಎರಡೂ ಕೈ ಜೋಡಿಸಿ "ನಮಸ್ತೆ ಸಾರ್" ಅಂದ. ನಾನೇ ಕಲಿಸಿದ್ದಲ್ಲವೇ... ಅಂದುಬಿಟ್ಟು ನನ್ನ ಕಡೆ ನೋಡಿದ, ಭೇಷ್ ಅನ್ನಲಿ ಅಂತ.

ಡಾಕ್ಟರು ಹೇಳಿ ಅಮ್ಮ ಅಂದರು. ಅವನ ಮುಂದೆ, ಅವನ ಮುಖ ನೋಡಿಕೊಂಡು, ಇವನಿಗೆ ಇದು ಬರಲ್ಲ, ಇವನ ಕೈಲಿ ಅದು ಆಗಲ್ಲ ಅಂತ ಹೇಗೆ ಹೇಳಲಿ? ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಅಕ್ಕ ಬಂದಳು. ಮಗಳನ್ನು ಬಾಗೇಪಲ್ಲಿ ಅಜ್ಜಿಯ ಹತ್ತಿರ ಕೂರಿಸಿ ಬಂದಿದ್ದಳು. ನೀವ್ಯಾರಮ್ಮ ಅಂದರೆ, "ಇವಳ ಅಕ್ಕ ಸಾರ್" ಅಂತ ಸಲೀಸಾಗಿ ಅಂದಳು. ನನ್ನ ಮಗನ ಹಿಂದೆ ಹೋಗಿ ನಿಂತು ತನ್ನ ಎರಡೂ ಅಂಗೈಯಿಂದ ಅವನ ಎರಡೂ ಕಿವಿ ಮುಚ್ಚಿದಳು.

"ಈಗ ಹೇಳಮ್ಮ" ಅಂದಳು.

ಹೇಳಿದೆ. ಏಳು ವರ್ಷದ್ದೆಲ್ಲ ಹೇಳಿದೆ. ನಾನು ಮುಗಿಸುವವರೆಗೂ ಅವಳು ಕೈ ತೆಗೆಯಲಿಲ್ಲ. ಮಗ ಅದೇನೋ ಆಟ ಅಂದುಕೊಂಡು ನಗುತ್ತಿದ್ದ. ಆ ದಿನ ಎಪ್ಪತ್ತು ಪರ್ಸೆಂಟ್ ಅಂತ ಬರೆದರು. ಹೊರಗೆ ಬಂದು ನಾನು ಅವಳನ್ನು ತಬ್ಬಿಕೊಂಡು ಅತ್ತೆ. ಮಗನ ಪರ್ಸೆಂಟ್ ಜಾಸ್ತಿ ಬಂತು ಅಂತ ಅಳುವ ತಾಯಿಯನ್ನು ಹೊರಗಿನವರು ಕಂಡರೆ ಹುಚ್ಚಿ ಅನ್ನುತ್ತಿದ್ದರು. ರಾತ್ರಿ ಮಗನ ತಲೆ ಒರೆಸುವಾಗ ಕಿವಿಯ ಹತ್ತಿರ ಇನ್ನೂ ಹೊಂಗೆ ಎಣ್ಣೆಯ ವಾಸನೆ ಇತ್ತು.

ಕಾರ್ಡು ಬಂತು, ವಿಮೆ ಆಯಿತು, ಬೆಂಗಳೂರಿನಲ್ಲಿ ಆಪರೇಷನ್ ಕೂಡ ಆಯಿತು. ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದ ಮಗನನ್ನು ನೋಡಲು ಅಕ್ಕ ಮಗಳನ್ನು ಹೊತ್ತುಕೊಂಡು ಎರಡು ಬಸ್ಸು ಬದಲಿಸಿ ಚಿಂತಾಮಣಿಗೆ ಬಂದಳು, ಸೆರಗಿನಲ್ಲಿ ಬಿಡಿಸಿದ ಅವರೆಕಾಳು ಕಟ್ಟಿಕೊಂಡು. ನಮ್ಮ ಮನೆಯ ನಡುಮನೆಯಲ್ಲಿ ಬುದ್ಧನ ದೊಡ್ಡ ಪಟ ಇದೆ. ಅಕ್ಕನ ಮನೆಯವರದು ಊರಿನ ದೊಡ್ಡ ಒಕ್ಕಲು. ಅವಳ ಮೈದುನಂದಿರು ನಮ್ಮ ಮನೆಯ ಹೊಸಿಲು ತುಳಿಯುವವರಲ್ಲ, ಅದು ನನಗೂ ಗೊತ್ತು, ಅವಳಿಗೂ ಗೊತ್ತು. ಅವಳು ಪಟ ನೋಡಿದಳು, ನೀರು ಕೇಳಿ ಕುಡಿದಳು, ನೇರ ಅಡುಗೆಮನೆಗೆ ಬಂದು ಕಾಳು ಬೇಯಲು ಇಟ್ಟಳು. ಸಾರಿಗೆ ಖಾರ ಸಾಲದು ಅಂತ ನನ್ನನ್ನೇ ಗದರಿಸಿದಳು. ನನ್ನ ಒಡಹುಟ್ಟಿದವರು ಫೋನಿನಲ್ಲಿ ವಿಚಾರಿಸಿಕೊಂಡು ಸುಮ್ಮನಾಗಿದ್ದರು. ಅವಳೊಬ್ಬಳು ಬಂದಿದ್ದಳು.

ಇದೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, ಆಮೇಲೆ ನಾನು ಮಾಡಿದ್ದು ಎಂಥದ್ದು ಅಂತ ತಿಳಿಯಬೇಕಲ್ಲ.

ಅವಳ ಮಗಳಿಗೆ ಹದಿನೆಂಟು ತುಂಬುವುದಕ್ಕೆ ಇನ್ನು ಕೆಲವು ತಿಂಗಳಿತ್ತು. ಒಂದು ಬುಧವಾರ ಯಾರೋ ಕೊಟ್ಟ ಫಾರಂ ಒಂದನ್ನು ತಂದು, ಇದು ಏನು ಓದಿ ಹೇಳು ಅಂದಳು. ಹೊಸ ಬಿಳಿ ದಾರ ಆಗಲೇ ಕಟ್ಟಿದ್ದಳು. ಆಸ್ಪತ್ರೆಯ ಹುಣಸೆಮರದ ಕೆಳಗೆ ಕೂತು ಓದಿದೆ. ಹದಿನೆಂಟು ತುಂಬಿದ ಮೇಲೆ ಕಾನೂನಿನ ಪ್ರಕಾರ ಮಗಳು ವಯಸ್ಕಳು, ಹೆತ್ತ ತಾಯಿಯೂ ಅವಳ ಪರವಾಗಿ ಸಹಿ ಹಾಕುವಂತಿಲ್ಲ. ಇಂಥ ಮಕ್ಕಳಿಗೆ ಪೋಷಕರು ಯಾರು ಅಂತ ಜಿಲ್ಲಾಧಿಕಾರಿಗಳ ಸಮಿತಿ ಕಾಗದ ಮಾಡಿಕೊಡುತ್ತದೆ. ತಾಯಿ ತಾನೇ ಆಗಬಹುದು, ಇಲ್ಲವೇ ತನಗೆ ನಂಬಿಕೆ ಇರುವವರ ಹೆಸರು ಸೂಚಿಸಬಹುದು. ಸೂಚಿಸಿದವರು ಒಪ್ಪಿಗೆ ಅಂತ ಸಹಿ ಹಾಕಬೇಕು.

"ಯಾರ್ ಹೆಸ್ರು ಬೇಕಾದ್ರೂ ಬರೀಬೋದಾ?"

"ಬರೀಬೋದು ಅಕ್ಕ."

"ರಕ್ತ ಸಂಬಂಧ ಇರ್ಬೇಕು ಅಂತಿಲ್ವಾ?"

"ಹಾಗೇನೂ ಹಾಕಿಲ್ಲ. ಯಾಕೆ, ನೀನೇ ಇದೀಯಲ್ಲ?"

ಅವಳು ಮಗಳ ಜೊಲ್ಲು ಒರೆಸಿದಳು. ಆಮೇಲೆ ನನ್ನ ಮುಖ ನೋಡದೆ ಹೇಳಿದಳು.

"ನಿನ್ ಹೆಸ್ರು ಬರಿ ಅಮ್ಮಾಯಿ. ಪಾಪನ ಹೆಸ್ರಲ್ಲಿ ಅವ್ರಪ್ಪನ ಭಾಗ ಇದೆ. ಭಾಗ ನೋಡ್ಕೊಳಕ್ಕೆ ಊರಲ್ಲಿ ಬೇಕಾದಷ್ಟ್ ಜನ ಇದಾರೆ. ಪಾಪನ್ನ ನೋಡ್ಕೊಳಕ್ಕಿಲ್ಲ. ನಾನಿರೋ ತನಕ ನಿಂಗೇನೂ ತೊಂದ್ರೆ ಕೊಡಲ್ಲ. ನಾನು ಹೋದ್ಮೇಲೆ ಅವ್ಳು ಎಲ್ಲಿದಾಳೆ, ಉಂಡ್ಲಾ ಅಂತ ಕೇಳೋ ಹಕ್ಕು ಒಬ್ರಿಗಾದ್ರೂ ಇರ್ಲಿ."

ಅವಳು ಆ ವರ್ಷ ಬಹಳ ಇಳಿದುಹೋಗಿದ್ದಳು. ರವಿಕೆ ತೋಳಿನಲ್ಲಿ ಜೋತಾಡುತ್ತಿತ್ತು. ಡಾಕ್ಟರಿಗೆ ತೋರಿಸು ಅಂತ ನಾನು ಎಷ್ಟೋ ಸಲ ಬೈದಿದ್ದೆ. ಗ್ಯಾಸ್ಟ್ರಿಕ್ ಕಣೇ ಅಂತ ತಳ್ಳಿಹಾಕುತ್ತಿದ್ದಳು. ಆವತ್ತಾದರೂ ನನಗೆ ಹೊಳೆಯಬೇಕಿತ್ತು. ಹೊಳೆಯಿತೋ ಏನೋ... ಹೊಳೆದದ್ದಕ್ಕೇ ಹೆದರಿದೆನೋ ಏನೋ.

"ಮನೇಲಿ ಒಂದ್ ಮಾತು ಕೇಳಿ ಹೇಳ್ತೀನಿ ಅಕ್ಕ" ಅಂದೆ.

"ಕೇಳು, ಕೇಳು. ಕೇಳ್ಬೇಕು" ಅಂತ ತಲೆಯಾಡಿಸಿದಳು. ಫಾರಮ್ಮನ್ನು ನನ್ನ ಕೈಯಲ್ಲೇ ಬಿಟ್ಟಳು.

ನಿಜ ಹೇಳಿಬಿಡುತ್ತೇನೆ. ನಾನು ಮನೆಯಲ್ಲಿ ಕೇಳಲೇ ಇಲ್ಲ. ಫಾರಮ್ಮನ್ನು ಬೀರುವಿನಲ್ಲಿ ಸೀರೆಗಳ ಕೆಳಗೆ ಇಟ್ಟೆ. ನನಗೆ ನಾನೇ ಹೇಳಿಕೊಂಡ ನೆವಗಳು ಒಂದೇ ಎರಡೇ? ನಾಳೆ ಆ ಮೈದುನಂದಿರು ಜಮೀನಿಗೆ ಕಣ್ಣು ಹಾಕಿದಳು ಅಂತ ಮನೆ ಮುಂದೆ ಬಂದು ಗಲಾಟೆ ಮಾಡಿದರೆ? ಹೋಗಿ ಹೋಗಿ ಇವರ ಮನೆಯವಳನ್ನು ಬರೆಸಿದಳು ಅಂತ ನಮ್ಮನ್ನೇ ಅಂದರೆ? ನನ್ನ ಒಬ್ಬ ಮಗನನ್ನು ಎತ್ತಿ ಇಳಿಸಿಯೇ ನನ್ನ ಸೊಂಟ ಬಿದ್ದುಹೋಗಿದೆ, ಇನ್ನೊಬ್ಬಳನ್ನು ಎಲ್ಲಿಡಲಿ? ಒಂದೊಂದೂ ನಿಜವೇ. ಆದರೆ ಅವಳು ಕೇಳಿದ್ದು ಎತ್ತಿ ಸಾಕು ಅಂತಲ್ಲ. ಕೇಳುವ ಹಕ್ಕು ಒಬ್ಬರಿಗಾದರೂ ಇರಲಿ ಅಂದಿದ್ದಳು, ಅಷ್ಟೇ.

ಮಗನ ಫಿಸಿಯೋಥೆರಪಿಯನ್ನು ಬುಧವಾರದಿಂದ ಶನಿವಾರಕ್ಕೆ ಬದಲಾಯಿಸಿಕೊಂಡೆ. ಶಾಲೆಯಲ್ಲಿ ರಜ ಕೊಡುತ್ತಿಲ್ಲ ಅಂತ ಅಲ್ಲಿಯವರಿಗೆ ಸುಳ್ಳು ಹೇಳಿದೆ. ಅವಳ ಫೋನು ಮೂರು ಸಲ ಬಂತು. ಒಂದು ಸಲ ಪಾಠ ಮಾಡುತ್ತಿದ್ದೆ, ಅದು ನಿಜ. ಇನ್ನೆರಡು ಸಲ ಫೋನು ಕೈಯಲ್ಲೇ ಇತ್ತು. ಪರದೆಯ ಮೇಲೆ "ಮಂಚೇನಹಳ್ಳಿ ಅಕ್ಕ" ಅಂತ ಹೆಸರು ಮಿನುಗುವುದನ್ನು ನೋಡುತ್ತ ಕೂತಿದ್ದೆ, ಅದು ನಿಲ್ಲುವವರೆಗೆ. ನಾಲ್ಕನೇ ಸಲ ಅವಳು ಮಾಡಲಿಲ್ಲ. ಮಾಡಲಿಲ್ಲವಲ್ಲ ಸದ್ಯ ಅಂತ ಸಮಾಧಾನ ಆಯಿತು ನನಗೆ. ಆ ಸಮಾಧಾನ ನೆನೆಸಿಕೊಂಡರೆ ಈಗ ನನ್ನ ಮುಖಕ್ಕೆ ನಾನೇ ಉಗಿದುಕೊಳ್ಳಬೇಕು ಅನ್ನಿಸುತ್ತದೆ.

ಬೇಸಿಗೆ ರಜೆಯಲ್ಲಿ ಮಗ ಮೊದಲ ಸಲ ವಾಕರ್ ಹಿಡಿದು ನಡುಮನೆಯಿಂದ ಬಾಗಿಲವರೆಗೆ ಹನ್ನೊಂದು ಹೆಜ್ಜೆ ಇಟ್ಟ. ಯಾರಿಗೆ ಹೇಳಲಿ ಅಂತ ಕುಣಿಯುವಂತಾಯಿತು. ಮೊದಲು ನೆನಪಾದದ್ದು ಅವಳೇ. ನಾಚಿಕೆ ಬಿಟ್ಟು ಫೋನ್ ಮಾಡಿದೆ. ಗಂಡು ದನಿ. ಅವಳ ಮೈದುನ.

"ಅತ್ಗೆನಾ? ತೀರ್ಕೊಂಡು ಮೂರ್ ತಿಂಗ್ಳಾಯ್ತಲ್ಲಮ್ಮ. ಹೊಟ್ಟೇಲಿ ಗೆಡ್ಡೆ ಇತ್ತಂತೆ, ಯಾರ್ಗೂ ಹೇಳಿರ್ಲಿಲ್ಲ. ನೀವ್ಯಾರು?"

ನಾನು ಯಾರು ಅಂತ ಹೇಳಲಿಲ್ಲ. ಪಾಪ ಎಲ್ಲಿ ಅಂದೆ.

"ಯಾವ್ ಪಾಪ? ಓ, ಅದಾ... ನಮ್ಮನೇಲಿ ಹೆಂಗಸ್ರ ಕೈಲಿ ಆಗ್ಲಿಲ್ಲ. ದೊಡ್ಡಬಳ್ಳಾಪುರದಾಚೆ ಯಾವ್ದೋ ಆಶ್ರಮ ಅಂತೆ, ಬಿಟ್ಬಂದ್ವಿ."

ಅದಾ ಅಂದ. ಹದಿನೆಂಟು ವರ್ಷ ಬೆನ್ನ ಮೇಲೆ ಹೊತ್ತು ಸಾಕಿದ ಹುಡುಗಿಯನ್ನು ಅದು ಅಂದ. ಅವನನ್ನು ಬೈಯಲು ಬಾಯಿ ತೆರೆದೆ, ನನಗೆ ಯಾವ ಮುಖ ಇದೆ ಅನ್ನಿಸಿ ಫೋನ್ ಇಟ್ಟೆ. ಅವಳು ಆ ಹುಣಸೆಮರದ ಕೆಳಗೆ ಕೂತಾಗಲೇ ಅವಳಿಗೆಲ್ಲ ಗೊತ್ತಿತ್ತು. ಹೊಟ್ಟೆಯಲ್ಲಿ ಸಾವು ಇಟ್ಟುಕೊಂಡು, ನನಗೆ ಭಾರ ಆಗಬಾರದು ಅಂತ ಅದನ್ನೊಂದು ಹೇಳದೆ, ಸಹಿ ಮಾತ್ರ ಕೇಳಿದ್ದಳು.

ಆ ಸಂಜೆ ಯಜಮಾನರಿಗೆ ಎಲ್ಲ ಹೇಳಿದೆ. ಬೀರುವಿನಿಂದ ಫಾರಂ ತೆಗೆದು ತೋರಿಸಿದೆ. ಅವರು ಬಹಳ ಹೊತ್ತು ಅದನ್ನೇ ತಿರುವಿ ತಿರುವಿ ನೋಡಿದರು. "ಕೇಳಿದ್ರೆ ನಾನು ಬೇಡ ಅಂತಿದ್ನೇನೇ?" ಅಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಅಲ್ಲಿ ಇಲ್ಲಿ ವಿಚಾರಿಸಿ ಆ ಆಶ್ರಮವನ್ನು ಹುಡುಕಿಕೊಂಡು ಹೋದೆ. ಗೇಟಿನ ಹತ್ತಿರ ಒಬ್ಬ ಹೆಂಗಸು ರಿಜಿಸ್ಟರ್ ಇಟ್ಟುಕೊಂಡು ಕೂತಿದ್ದರು. ಯಾರನ್ನು ನೋಡಬೇಕು ಅಂದರು, ಹೇಳಿದೆ. "ನೀವು ಏನಾಗ್ಬೇಕು ಅವ್ರಿಗೆ?" ಅಂದರು. ಅಕ್ಕನಾಗಿದ್ದರೆ ಏನಾದರೊಂದು ಸಂಬಂಧ ಸಲೀಸಾಗಿ ಹೇಳಿ ಒಳಗೆ ಹೋಗಿರುತ್ತಿದ್ದಳು. ನನಗೆ ಬರಲಿಲ್ಲ. ಅವರಮ್ಮನಿಗೆ ಬೇಕಾದವಳು ಅಂದೆ. ಮನೆಯವರು ಇಲ್ಲವೇ ಪೋಷಕರ ಕಾಗದ ಇರುವವರು ಮಾತ್ರ ನೋಡಬಹುದು, ವಯಸ್ಸಿನ ಹೆಣ್ಣುಮಕ್ಕಳು, ತಪ್ಪು ತಿಳಿಯಬೇಡಿ ಅಂತ ಅವರು ಮೆತ್ತಗೆಯೇ ಹೇಳಿದರು. ಅವರು ಹೇಳಿದ್ದು ನ್ಯಾಯವೇ. ಬಂದವರನ್ನೆಲ್ಲ ಒಳಗೆ ಬಿಡುವುದಾದರೆ ಗೇಟು ಯಾತಕ್ಕೆ? ಆವತ್ತು ಮಧ್ಯಾಹ್ನ ಆ ಗೇಟಿನ ಮುಂದೆ ಬಿಸಿಲಿನಲ್ಲಿ ನಿಂತು ಜೋರಾಗಿ ಅತ್ತುಬಿಟ್ಟೆ. ದಾರಿಯಲ್ಲಿ ಹೋಗುವವರು ನಿಂತು ನೋಡಿದರು, ನೋಡಲಿ ಅನ್ನಿಸಿತು.

ಆಮೇಲೆ ಓಡಾಡಿದ್ದಕ್ಕೆ ಲೆಕ್ಕವಿಲ್ಲ. ತಾಯಿ ಸೂಚಿಸಿದ್ದಳು ಅನ್ನುವುದಕ್ಕೆ ನನ್ನ ಹತ್ತಿರ ಇದ್ದದ್ದು ಅವಳು ಹೆಬ್ಬೆಟ್ಟು ಒತ್ತದ, ನಾನು ಸಹಿ ಮಾಡದ ಖಾಲಿ ಫಾರಂ. ಅದರಿಂದ ಏನಾಗುತ್ತದೆ? ಪೋಷಕಳಾಗಲು ಹೊಸದಾಗಿ ಅರ್ಜಿ ಹಾಕಿದ್ದೇನೆ. ಮನೆಯವರ ಹೇಳಿಕೆ ಬೇಕು ಅನ್ನುತ್ತಾರೆ. ಮೈದುನಂದಿರು ಬರುವುದಿಲ್ಲ, ಬರಲ್ಲ ಅಂತ ಬರೆದೂ ಕೊಡುವುದಿಲ್ಲ. ಭಾಗ ಅಲ್ಲೇ ಇದೆಯಲ್ಲ, ಅವರಿಗೇನು ಅವಸರ? ನಾಲ್ಕು ಸಲ ವಿಚಾರಣೆ ಮುಂದಕ್ಕೆ ಹೋಗಿದೆ. ಒಂದು ವರ್ಷ ಕಾಡಿದ ಮೇಲೆ, ತಿಂಗಳಿಗೊಮ್ಮೆ ಹೋಗಿ ನೋಡಿಬರಬಹುದು ಅಂತ ಒಂದು ಪತ್ರ ಮಾತ್ರ ಕೊಟ್ಟಿದ್ದಾರೆ. ಅಕ್ಕ ಕೇಳಿದಾಗ ಅರ್ಧ ನಿಮಿಷದ ಕೆಲಸವಾಗಿತ್ತು ಅದು. ನನ್ನ ಬ್ಯಾಗಿನಲ್ಲಿ ಮಕ್ಕಳ ನೋಟ್‌ಬುಕ್ ತಿದ್ದುವ ಪೆನ್ನೂ ಇತ್ತು.

ಮೊದಲ ಸಲ ಪತ್ರ ತೋರಿಸಿ ಒಳಗೆ ಹೋದಾಗ ಅವಳನ್ನು ಗುರುತು ಹಿಡಿಯುವುದೇ ಕಷ್ಟವಾಯಿತು. ಅವಳಿಗೆ ಮುಂಚೆ ಉದ್ದ ಜಡೆ ಇತ್ತು, ಕೂದಲು ಗಿಡ್ಡಕ್ಕೆ ಕತ್ತರಿಸಿದ್ದರು. ಬಟ್ಟೆ ಚೊಕ್ಕಟವಾಗಿತ್ತು. ಊಟ ಹಾಕುತ್ತಾರೆ, ಹೊಡೆಯುವುದಿಲ್ಲ, ಅಷ್ಟು ಮಟ್ಟಿಗೆ ಒಳ್ಳೆಯ ಜಾಗ. ಆದರೆ ಕಾಲಿಗೆ ಎಣ್ಣೆ ತಿಕ್ಕುವವರು ಯಾರಿದ್ದಾರೆ? ಎರಡೂ ಮೊಣಕಾಲು ಮಡಿಚಿಕೊಂಡು ಎದೆಯವರೆಗೂ ಬಂದುಬಿಟ್ಟಿದ್ದವು, ಬಿಡಿಸಿದರೂ ಬಿಚ್ಚುತ್ತಿರಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಅಲ್ಲಿಯವರು ಅವಳ ದಾಖಲೆಯ ಹೆಸರು ಹಿಡಿದು ಕರೆದರು. ಅಲುಗಾಡಲಿಲ್ಲ.

ನಾನು "ಪಾಪ" ಅಂದೆ.

ತಲೆ ನಿಧಾನವಾಗಿ ತಿರುಗಿತು. ಆ ಚುರುಕು ಕಣ್ಣು ಹಾಗೇ ಇತ್ತು. ನನ್ನನ್ನು ಒಂದು ಗಳಿಗೆ ನೋಡಿತು. ಆಮೇಲೆ ನನ್ನ ಭುಜದಾಚೆ ಬಾಗಿಲ ಕಡೆ ನೋಡತೊಡಗಿದಳು, ಹಿಂದೆ ಇನ್ನೊಬ್ಬರು ಬರುತ್ತಾರೆ ಅಂತ. ಅಲ್ಲಿ ಇದ್ದಷ್ಟು ಹೊತ್ತೂ ಆ ಬಾಗಿಲ ಮೇಲಿನ ಕಣ್ಣು ತೆಗೆಯಲಿಲ್ಲ.

ಈಗ ಆರು ತಿಂಗಳಿಂದ ಹೋಗುತ್ತಿದ್ದೇನೆ. ಪಾಪ ಅಂತ ಕರೆಯದಿದ್ದರೆ ಅವಳು ತಿರುಗುವುದಿಲ್ಲ. ಕರೆದರೆ ಬಾಗಿಲು ನೋಡುತ್ತಾಳೆ. ಹೋದ ಭಾನುವಾರವೂ ನೋಡಿದಳು. ಹಾಸಿಗೆಯ ಪಕ್ಕ ಕೂತು, "ಅಮ್ಮ ಬಂದಿಲ್ಲ ಕಣೇ ಪಾಪ, ನಾನೊಬ್ಳೇ ಬಂದಿದೀನಿ" ಅಂದೆ.